ಇಲ್ಲಿ ‘ಯಾವ ಊರು?’ ಅಂದರೆ ‘ಯಾವ ಟೀಮು?’

ತಮ್ಮಾ, ನಿನ್ನ ಮೆಸೇಜ್ ಬಂದು ಮೂರು ದಿನ ಆಯ್ತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕುಕ್ಕರ್ ತರಬೇಕಾ, ಸೋನಾ ಮಸೂರಿ ಸಿಗುತ್ತಾ, ಚಳಿ ಎಷ್ಟು ಅಂತ ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದೆ. (ತಾ. ಸಿಗುತ್ತೆ. ಬೆಂಗಳೂರಿಗಿಂತ ಜಾಸ್ತಿ, ಷಿಕಾಗೋದಷ್ಟಿಲ್ಲ.) ನೀನು ಕೇಳಿದ್ದು ಬೇರೆಯೇ. ಅಮೆರಿಕದಲ್ಲಿ ನಮ್ಮ ರಾಲಿಯ ಎನ್‌ಸಿ ಸ್ಟೇಟ್, ಅಂದರೆ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ನಿನಗೆ ಎಂಎಸ್ ಸೀಟು ಸಿಕ್ಕಿದೆ. ರೂಮ್‌ಮೇಟ್‌ಗಳ ವಾಟ್ಸಾಪ್ ಗುಂಪಿನಲ್ಲಿ ದಿನಾ ಬ್ಯಾಸ್ಕೆಟ್‌ಬಾಲ್ ಮಾತು. ಯಾವ ಹುಡುಗ ಬಂದ, ಯಾವನು ಬಿಟ್ಟು ಹೋದ, ಯಾವನ ಮಾರ್ಕ್ಸ್ ಸಾಲಲಿಲ್ಲ. ‘ಅಕ್ಕಾ, ನಾನು ಓದೋಕೆ ಬರ್ತಿದೀನಿ. ಇದೆಲ್ಲ ನನಗೆ ಯಾಕೆ? ಅಪ್ಪ ಸಾಲ ಮಾಡಿ ಫೀಸ್ ಕಟ್ಟೋ ಕಾಲೇಜು ಚೆಂಡು ಆಡೋರಿಗೆ ಕೋಟಿ ಕೊಡುತ್ತೆ ಅಂತಾರೆ. ಹಾಗಾದ್ರೆ ಅದು ಒಳ್ಳೆ ಕಾಲೇಜಾ?’ ಅಂತ ಬರೆದಿದ್ದೀಯ. ಜೊತೆಗೆ, ಊರಿಗೆ ಹೊಂದಲಿ ಅಂತ ‘ನಾರ್ತ್ ಕ್ಯಾರೊಲಿನಾ’ ಎಂದು ಬರೆದ ತಿಳಿನೀಲಿ ಟೀ ಶರ್ಟ್ ಕೊಂಡು ಅದರ ಫೋಟೊ ಬೇರೆ ಕಳಿಸಿದ್ದೀಯ. ಅದರ ವಿಷಯ ಆಮೇಲೆ ಹೇಳ್ತೀನಿ.

ನಾನು ಬಂದಿದ್ದು 2004ರ ಆಗಸ್ಟ್‌ನಲ್ಲಿ, ಶಿವಮೊಗ್ಗದಿಂದ. ಮೊದಲ ಮೂರು ತಿಂಗಳು ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು ಐದು ನಿಮಿಷದಲ್ಲಿ ‘ಯಾವೂರಾಯ್ತು?’ ಅಂತ ಶುರು ಮಾಡಿ, ನಿನ್ನ ಸೋದರತ್ತೆಯ ಮನೆವರೆಗೆ ಹೋಗುತ್ತಾರೆ. ಇಲ್ಲಿ ‘ಇಂಡಿಯಾ’ ಅಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಚಳಿ ಶುರುವಾದಾಗ ಕ್ಯಾಂಪಸ್ ಅಂಗಡಿಯಲ್ಲಿ ಕಡಿಮೆ ಬೆಲೆಗಿದ್ದ ಒಂದು ಕೆಂಪು ಸ್ವೆಟ್‌ಶರ್ಟ್ ಕೊಂಡೆ. ಎದೆ ಮೇಲೆ ತೋಳ. ಅದನ್ನು ಹಾಕಿಕೊಂಡು ಹಿಲ್ಸ್‌ಬರೋ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸಿಗ್ನಲ್‌ನಲ್ಲಿ ನಿಂತ ಟ್ರಕ್ಕಿನಿಂದ ಒಬ್ಬ ಅಜ್ಜ ಕಿಟಕಿ ಇಳಿಸಿ ಕೈ ಹೊರಗೆ ಹಾಕಿದ. ನಡುವಿನ ಎರಡು ಬೆರಳು ಹೆಬ್ಬೆರಳಿಗೆ ಮುಟ್ಟಿವೆ, ತೋರುಬೆರಳು ಕಿರುಬೆರಳು ನೆಟ್ಟಗೆ ನಿಂತಿವೆ. ಭರತನಾಟ್ಯ ಜೂನಿಯರ್ ಪರೀಕ್ಷೆ ಪಾಸಾದವಳು ನಾನು. ಇದು ಸಿಂಹಮುಖ ಹಸ್ತ ಅಲ್ವಾ! ಅಜ್ಜನಿಗೆ ಯಾವ ಟೀಚರ್ ಹೇಳಿಕೊಟ್ಟರು ಅಂತ ಗಾಬರಿ. ಗಾಬರಿಯಲ್ಲೇ ನಾನೂ ಸಿಂಹಮುಖ ಹಿಡಿದೆ. ಅಜ್ಜ ಎರಡು ಸಲ ಹಾರ್ನ್ ಹೊಡೆದು ಖುಷಿಯಾಗಿ ಹೋದ. ಲ್ಯಾಬಿನಲ್ಲಿ ಹೇಳಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ತೋಳದ ಮುಖವಂತೆ, ನಮ್ಮ ಟೀಮಿನ ಗುರುತು. ಆವತ್ತಿನಿಂದ ಲ್ಯಾಬಿನವರು ನನ್ನ ಜೊತೆ ಮಾತಾಡತೊಡಗಿದರು.

ಇಲ್ಲಿನ ನಕ್ಷೆ ಮೊದಲು ತಿಳಿದುಕೋ. ರಾಲಿಯಲ್ಲಿ ನಾವು, ಕೆಂಪು. ಡರಂನಲ್ಲಿ ಡ್ಯೂಕ್, ಕಡುನೀಲಿ. ಚಾಪೆಲ್ ಹಿಲ್‌ನಲ್ಲಿ ಯುಎನ್‌ಸಿ (ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲಿನಾ), ತಿಳಿನೀಲಿ. ಡ್ಯೂಕ್‌ಗೂ ಯುಎನ್‌ಸಿಗೂ ನಡುವೆ ಹತ್ತೇ ಮೈಲಿ, ಹುಬ್ಬಳ್ಳಿ–ಧಾರವಾಡಕ್ಕಿಂತ ಹತ್ತಿರ. ದೇಶದ ಚಾಂಪಿಯನ್ ಪಟ್ಟ ಯುಎನ್‌ಸಿಗೆ ಆರು ಸಲ, ಡ್ಯೂಕ್‌ಗೆ ಐದು ಸಲ ಬಂದಿದೆ. ನಮಗೆ ಎರಡು, 1974 ಮತ್ತು 1983ರಲ್ಲಿ. ಅಲ್ಲಿಂದ ಈಚೆಗೆ ನಮ್ಮದು ಬರೀ ‘ಈ ಸಲ ಕಪ್ ನಮ್ದೇ’. ಆರ್‌ಸಿಬಿಯವರಿಗಾದರೂ ಹದಿನೆಂಟು ವರ್ಷಕ್ಕೆ ಸಿಕ್ಕಿತು.

ಡ್ಯೂಕ್ ಹುಡುಗರು ಯುಎನ್‌ಸಿ ಮ್ಯಾಚಿಗೆ ಒಳಗೆ ಬಿಡಲಿ ಅಂತ ಕ್ಯಾಮರನ್ ಸ್ಟೇಡಿಯಂ ಹೊರಗೆ ವಾರಗಟ್ಟಲೆ ಟೆಂಟ್ ಹಾಕಿಕೊಂಡು ಮಲಗುತ್ತಾರೆ. 1940ರ ಹಳೇ ಕಟ್ಟಡ, 9,314 ಜನ ಹಿಡಿಸುತ್ತದೆ, ಅಷ್ಟೇ. ಆ ಟೆಂಟುಗಳ ಜಾಗಕ್ಕೆ 42 ವರ್ಷ ಅಲ್ಲಿ ಕೋಚ್ ಆಗಿದ್ದ ಮೈಕ್ ಶಶೆಫ್‌ಸ್ಕಿಯ ಹೆಸರು. ಆ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಯಾವ ಅಕ್ಷರಕ್ಕೂ ಉಚ್ಚಾರಕ್ಕೂ ಸಂಬಂಧವಿಲ್ಲ. ಆದರೂ ಇಲ್ಲಿನ ಆರು ವರ್ಷದ ಮಗು ಸರಿಯಾಗಿ ಹೇಳುತ್ತದೆ. ‘ನಿನ್ನ ಹೆಸರು ತುಂಬಾ ಕಷ್ಟ, ಚಿಕ್ಕದು ಮಾಡಲಾ?’ ಅಂತ ಯಾರಾದರೂ ಕೇಳಿದರೆ ಇದನ್ನು ನೆನಪು ಮಾಡಿಕೊಡು. ನಾನು ಮಾಡಿಕೊಟ್ಟಿದ್ದೇನೆ.

ಈಗ ನಿನ್ನ ಗುಂಪಿನ ಮಾತಿಗೆ ಬರ್ತೀನಿ. ‘ಯಾವನು ಬಂದ, ಯಾವನು ಹೋದ’ ಅನ್ನುವುದೇ ಇಲ್ಲಿ ಅರ್ಧ ಆಟ. ಹಿಂದೆ ಕೋಚುಗಳು ಹೈಸ್ಕೂಲ್ ಹುಡುಗರ ಮನೆಗೆ ಹೋಗಿ, ಸೋಫಾ ಮೇಲೆ ಕೂತು, ಅಮ್ಮಂದಿರನ್ನು ಒಪ್ಪಿಸಿ ಕರೆತರುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರದ ಹಾಗೆಯೇ, ಕಾಫಿ ತಿಂಡಿ ಸಮೇತ. ಒಮ್ಮೆ ಸೇರಿದರೆ ನಾಲ್ಕು ವರ್ಷ ಅಲ್ಲೇ. ಕಾಲೇಜು ಬದಲಿಸಿದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಅಂತ, ಕಾಲೇಜು ಬಿಡುವವರು ಹೆಸರು ಹಾಕುವ ಆನ್‌ಲೈನ್ ಪಟ್ಟಿ ಬಂತು, 2021ರಲ್ಲಿ ಒಂದು ಸಲ ಕೂರದೆ ಬದಲಾಯಿಸಬಹುದು ಎಂದರು, 2024ರಲ್ಲಿ ಓದಿನಲ್ಲಿ ಸರಿಯಿದ್ದರೆ ಎಷ್ಟು ಸಲವಾದರೂ ಸರಿ ಎಂದರು. ಈಗ ಏಪ್ರಿಲ್ ಬಂದರೆ ಸಂತೆ. ಹುಡುಗನ ಹೆಸರು ಬಾಯಿಗೆ ಕೂರುವಷ್ಟರಲ್ಲಿ ಅವನು ಬೇರೆ ಊರಿನ ಬನಿಯನ್ನಿನಲ್ಲಿರುತ್ತಾನೆ. ಹಳೇ ಅಭಿಮಾನಿಗಳಿಗೆ ಇದು ಸಂಕಟ. ನನಗೂ ಒಂದಷ್ಟು. ಆದರೆ ಎರಡು ವರ್ಷಕ್ಕೊಂದು ಕಂಪನಿ ಬದಲಿಸುವ ಐಟಿಯವರು ನಾವು, ನಾವ್ಯಾವ ಬಾಯಿಂದ ಬೈಯೋಣ ಹೇಳು.

ಇನ್ನೊಂದು ಮಾತು. ನನ್ನ ಇಪ್ಪತ್ತು ವರ್ಷದಲ್ಲೇ ದೊಡ್ಡ ಖುಷಿ ಸಿಕ್ಕಿದ್ದು ಇದೇ ಪೋರ್ಟಲ್‌ನಿಂದ. 2024ರ ಮಾರ್ಚ್. ನಮ್ಮ ಎಸಿಸಿ ಲೀಗ್‌ನ ಟೂರ್ನಿ ವಾಷಿಂಗ್ಟನ್‌ನಲ್ಲಿ ಇತ್ತು. ನಮ್ಮವರು ಹತ್ತನೇ ಸ್ಥಾನದಲ್ಲಿದ್ದರು. ಕಪ್ ಬೇಕಾದರೆ ಐದು ದಿನದಲ್ಲಿ ಐದು ಮ್ಯಾಚ್ ಗೆಲ್ಲಬೇಕು. ಮೊದಲು ಆಡುವ ಐದೂ ಜನ ಬೇರೆ ಕಾಲೇಜುಗಳಿಂದ ಬಂದವರು. ಡಿಜೆ ಬರ್ನ್ಸ್ ಅಂತ ಒಬ್ಬ, ಕುಸ್ತಿ ಪೈಲ್ವಾನನ ಮೈ, ಎಡಗೈ, ಹಂಸದ ಹಾಗೆ ತಿರುಗುತ್ತಿದ್ದ. ಮೊಹಮ್ಮದ್ ಡಿಯಾರಾ ರಂಜಾನ್ ಉಪವಾಸ ಇಟ್ಟುಕೊಂಡೇ ಆಡುತ್ತಿದ್ದ. ವರ್ಜೀನಿಯಾ ಮೇಲಿನ ಸೆಮಿಫೈನಲ್‌ನಲ್ಲಿ ಮೂರು ಪಾಯಿಂಟ್ ಹಿಂದಿದ್ದೆವು, ಗಡಿಯಾರ ಮುಗಿಯುತ್ತಿತ್ತು. ಮೈಕಲ್ ಒಕಾನೆಲ್ ದೂರದಿಂದ ಎಸೆದ ಚೆಂಡು ಹಲಗೆಗೆ ಬಡಿದು, ರಿಂಗಿನ ಮೇಲೆ ಕುಣಿದು, ಒಳಗೆ ಬಿತ್ತು. ಸ್ಕೋರು ಸಮ, ಹೆಚ್ಚುವರಿ ಸಮಯದಲ್ಲಿ ಗೆದ್ದೆವು. ನಾನು ನೈಟಿ ಮೇಲೆ ಆ ಹಳೇ ಸ್ವೆಟ್‌ಶರ್ಟ್ ಹಾಕಿಕೊಂಡಿದ್ದೆ. ಹಾಗೇ ಬಾಗಿಲು ತೆರೆದು ಹೊರಗೆ ಓಡಿದೆ. ಎದುರು ಮನೆಯಾಕೆಯೂ ಓಡಿ ಬಂದಿದ್ದಳು. ಒಂಬತ್ತು ವರ್ಷ ಬರೀ ಕೈ ಬೀಸುತ್ತಿದ್ದ ಹೆಂಗಸು ನನ್ನನ್ನು ರಸ್ತೆ ಮಧ್ಯದಲ್ಲಿ ತಬ್ಬಿಕೊಂಡಳು. ಮರುದಿನ ಯುಎನ್‌ಸಿಯನ್ನು 84–76ಕ್ಕೆ ಸೋಲಿಸಿದೆವು. 1987ರ ನಂತರ ಮೊದಲ ಎಸಿಸಿ ಕಪ್. ಅಲ್ಲಿಂದ ಇಡೀ ದೇಶದ ಟೂರ್ನಿಯಲ್ಲಿ ಕೊನೆಯ ನಾಲ್ವರವರೆಗೂ ಹೋದೆವು. ದಾರಿಯಲ್ಲಿ ಡ್ಯೂಕ್ ಅನ್ನೂ ಹೊಡೆದೆವು. ಕ್ಯಾಂಪಸ್ಸಿನ ಗಂಟೆ ಗೋಪುರ ಕೆಂಪು ದೀಪದಲ್ಲಿ ಉರಿಯುತ್ತಿತ್ತು. ಅದೇ ವರ್ಷ ನಮ್ಮ ಹುಡುಗಿಯರ ಟೀಮೂ ಕೊನೆಯ ನಾಲ್ವರಲ್ಲಿತ್ತು. ಮುಂದಿನ ಸೀಸನ್ ಹುಡುಗರದ್ದು 12 ಗೆಲುವು, 19 ಸೋಲು. ಕೋಚ್ ಕೆಲಸ ಹೋಯಿತು. ಇದು ಹೀಗೇ.

ದುಡ್ಡಿನ ವಿಷಯ. 2021ರ ಜುಲೈ 1ರವರೆಗೆ ಈ ಹುಡುಗರಿಗೆ ಫೀಸು, ರೂಮು, ಊಟ, ಪುಸ್ತಕ, ಸ್ವಲ್ಪ ಕೈಖರ್ಚು ಬಿಟ್ಟು ಬೇರೆ ದುಡ್ಡು ಮುಟ್ಟುವ ಹಾಗಿರಲಿಲ್ಲ. ಅತ್ತ ಮಾರ್ಚ್‌ನ ಆ ದೇಶದ ಟೂರ್ನಿಯ ಟಿವಿ ಹಕ್ಕು 2032ರವರೆಗೆ ಮಾರಾಟವಾಗಿದೆ, ಕೊನೆಯ ಎಂಟು ವರ್ಷಕ್ಕೇ 880 ಕೋಟಿ ಡಾಲರ್. ಆಡುವವನು ಬಿಟ್ಟು ಎಲ್ಲರೂ ಉಂಡರು. ನಮ್ಮ ಕಾಲೇಜಿನದ್ದೇ ಒಬ್ಬ ಹುಡುಗನ ಕಡೆಯವರಿಗೆ ಶೂ ಕಂಪನಿಯಿಂದ 40,000 ಡಾಲರ್ ತಲುಪಿಸಲು ನೋಡಿದರು ಅನ್ನುವ ಕೇಸಿನಲ್ಲಿ 2016–17ರ ಗೆಲುವುಗಳನ್ನೇ ದಾಖಲೆಯಿಂದ ಅಳಿಸಿದರು. ತೀರ್ಪು ಬಂದಿದ್ದು 2021ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಆಟಗಾರರು ಜಾಹೀರಾತಿನಿಂದ ಎಷ್ಟು ಬೇಕಾದರೂ ಗಳಿಸಬಹುದು ಅಂತ ಆಗಿ ಐದು ತಿಂಗಳಾಗಿತ್ತು! 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಮೇಲೆ ಕಾಲೇಜುಗಳೇ ನೇರವಾಗಿ ಕೊಡಬಹುದು. ಎಲ್ಲ ಆಟ ಸೇರಿ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಕೊಡಲಿ ಬಿಡು. ಮಂಡಿಚಿಪ್ಪು ಸವೆಯುವುದು ಅವರದ್ದು.

ನಿನ್ನಪ್ಪನ ಸಾಲದ ದುಡ್ಡು ಇದಕ್ಕೆ ಹೋಗುತ್ತಾ ಅಂತ ಕೇಳಿದ್ದೀಯ. ಬಹುಪಾಲು ಟಿವಿ, ಟಿಕೆಟ್, ದಾನಿಗಳದ್ದು. ಆದರೆ ನಿನ್ನ ಫೀಸ್ ಬಿಲ್ ಬಂದಾಗ ಮೇಲಿಂದ ಕೆಳಗೆ ಓದು. ಅಥ್ಲೆಟಿಕ್ಸ್ ಹೆಸರಿನಲ್ಲಿ ಒಂದು ಸಾಲು ಇರುತ್ತದೆ. ಹೇಗೂ ಕೊಟ್ಟಿದ್ದೀಯ, ವಿದ್ಯಾರ್ಥಿ ಟಿಕೆಟ್‌ಗೆ ಅರ್ಜಿ ಹಾಕದೆ ಬಿಡಬೇಡ.

ಒಂದು ತಮಾಷೆ ಕೇಳು. 2024ರಲ್ಲಿ ಕೊನೆಯ ನಾಲ್ವರಲ್ಲಿ ನಮ್ಮನ್ನು ಸೋಲಿಸಿದ್ದು ಪರ್ಡ್ಯೂ. ಅವರ ದೊಡ್ಡ ಆಟಗಾರ ಜ್ಯಾಕ್ ಎಡೀ, 7 ಅಡಿ 4 ಇಂಚು, ಕೆನಡಾದವನು. ಎರಡು ವರ್ಷ ಸತತ ದೇಶದ ಶ್ರೇಷ್ಠ ಆಟಗಾರ. ಜೊತೆಯವರೆಲ್ಲ ಜಾಹೀರಾತಿನಿಂದ ದುಡಿಯುತ್ತಿದ್ದರೆ ಅವನಿಗೆ ಇಲ್ಲಿನ ನೆಲದ ಮೇಲೆ ಅದು ಕಷ್ಟವಾಗಿತ್ತು. ಯಾಕೆ ಗೊತ್ತಾ? ಎಫ್-1, ಅಂದರೆ ವಿದ್ಯಾರ್ಥಿ ವೀಸಾ. ನಿನ್ನ ಪಾಸ್‌ಪೋರ್ಟಿನಲ್ಲಿ ಅಂಟಿಸಿರುವುದೇ. ಹಾಗಾಗಿ ‘ಕ್ಯಾಂಪಸ್ ಹೊರಗೆ ಸ್ವಲ್ಪ ಕ್ಯಾಶ್ ಕೆಲಸ ಮಾಡು, ಯಾರಿಗೂ ಗೊತ್ತಾಗಲ್ಲ’ ಅಂತ ಯಾರಾದರೂ ಸೀನಿಯರ್ ಹೇಳಿದರೆ ಆ ಉದ್ದದ ಹುಡುಗನನ್ನು ನೆನೆಸಿಕೋ.

ಓದಿನ ವಿಷಯದಲ್ಲಿ ನಿನ್ನ ಅನುಮಾನ ಅರ್ಧ ಸರಿ. ನಾನು ಟಿಎ, ಅಂದರೆ ಪ್ರೊಫೆಸರ್‌ಗೆ ಪಾಠದ ಸಹಾಯಕಿ ಆಗಿದ್ದಾಗ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಒಬ್ಬ ಬ್ಯಾಸ್ಕೆಟ್‌ಬಾಲ್ ಹುಡುಗ ಇದ್ದ. ಬರೆಯುವ ಹಲಗೆ ಅಂಟಿಸಿದ ಪುಟ್ಟ ಕುರ್ಚಿ. ಅದರಲ್ಲಿ ಅವನ ಮಂಡಿ ಎದೆಗೆ ಬರುತ್ತಿತ್ತು. ಸೆಮಿಸ್ಟರ್ ಮೊದಲ ವಾರ ಮ್ಯಾಚುಗಳ ತಾರೀಖು ಇರುವ ಪತ್ರ ತಂದುಕೊಟ್ಟ. ಬುಧವಾರ ರಾತ್ರಿ ಇನ್ನೊಂದು ರಾಜ್ಯದಲ್ಲಿ ಆಡಿ, ಬೆಳಗಿನ ಜಾವ ಬಂದು, ಎಂಟೂವರೆಗೆ ಕ್ಲಾಸಿಗೆ ಹಾಜರ್. ಕಣ್ಣು ಕೆಂಪು, ಮೊಣಕಾಲಿಗೆ ಐಸ್ ಚೀಲ. ಕರಗಿದ ನೀರು ಅವನ ಹೋಮ್‌ವರ್ಕ್ ಹಾಳೆ ಮೇಲೆ ತೊಟ್ಟಿಕ್ಕಿ ಇಂಕು ಹರಡಿತ್ತು. ಅದನ್ನೇ ತಿದ್ದಿದೆ. ಅವನಿಗೆ ಬಿ ಬಂತು, ಯಾರೂ ದಾನ ಕೊಟ್ಟಿದ್ದಲ್ಲ. ಆಟದವರೆಲ್ಲ ದಡ್ಡರು ಅನ್ನುವವರನ್ನು ಕಂಡರೆ ನನಗೆ ಆ ಒದ್ದೆ ಹಾಳೆ ನೆನಪಾಗುತ್ತದೆ.

ಹಾಗಂತ ಎಲ್ಲ ಶುದ್ಧ ಅಂತಲ್ಲ. ಯುಎನ್‌ಸಿಯಲ್ಲಿ 1993ರಿಂದ 2011ರವರೆಗೆ ಒಂದು ವಿಭಾಗದಲ್ಲಿ ಕ್ಲಾಸೇ ನಡೆಯದ ಕೋರ್ಸುಗಳಿದ್ದವು. ಒಂದು ಪ್ರಬಂಧ ಕೊಟ್ಟರೆ ಒಳ್ಳೇ ಗ್ರೇಡು. 3,100 ವಿದ್ಯಾರ್ಥಿಗಳು, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಆಟಗಾರರು ಅಂತ 2014ರ ತನಿಖಾ ವರದಿ ಹೇಳಿತು. ಕೋರ್ಸು ಎಲ್ಲರಿಗೂ ತೆರೆದಿತ್ತಲ್ಲ ಅಂತ ಆಟದ ಮಂಡಳಿ 2017ರಲ್ಲಿ ಶಿಕ್ಷೆ ಕೊಡದೆ ಬಿಟ್ಟಿತು. ನಮ್ಮ ಕೆಂಪಿನವರು ಇದನ್ನು ಇವತ್ತಿಗೂ ಬಿಡುವುದಿಲ್ಲ. ಆದರೆ ಎಲ್ಲರ ಮನೆ ದೋಸೆಯೂ ತೂತೇ. 1983ರ ಕಪ್ ತಂದುಕೊಟ್ಟ ನಮ್ಮ ಕೋಚ್ ಜಿಮ್ ವಾಲ್ವಾನೊ 1990ರಲ್ಲಿ ಕೆಲಸ ಬಿಡಬೇಕಾಗಿ ಬಂದಿದ್ದು ಇಂಥದ್ದೇ ಗದ್ದಲದಲ್ಲಿ. ಚಾಪೆಲ್ ಹಿಲ್‌ನವರ ಕಡೆಯೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಮೈಕಲ್ ಜೋರ್ಡನ್ 1984ರಲ್ಲಿ ಡಿಗ್ರಿ ಮುಗಿಸದೆ ಎನ್‌ಬಿಎಗೆ ಹೋದವನು, ವಾಪಸ್ ಬಂದು 1986ರಲ್ಲಿ ಭೂಗೋಳದ ಡಿಗ್ರಿ ಮುಗಿಸಿದ.

ನನಗೆ ಇಷ್ಟವಾಗದ್ದು ಬೇರೆ. ಹದಿನೆಂಟು ವರ್ಷದ ಹುಡುಗನ ಮಾರ್ಕ್ಸು, ಅವನ ಅಮ್ಮನ ಮಾತು, ಅವನ ಗೆಳತಿ, ಎಲ್ಲವನ್ನೂ ಐವತ್ತು ವರ್ಷದ ಗಂಡಸರು ಕೂತು ಅಳೆಯುತ್ತಾರೆ. ಪಿಯುಸಿ ರಿಸಲ್ಟ್ ದಿನ ಫೋನು ಮಾಡುವ ದೊಡ್ಡಪ್ಪನೇ ವಾಸಿ, ಅವನು ಒಂದು ದಿನಕ್ಕೆ ಮುಗಿಸುತ್ತಾನೆ. ಬೆಟ್ಟಿಂಗ್ ಬಂದ ಮೇಲೆ ಇದು ಇನ್ನೂ ಕೆಟ್ಟಿದೆ. ಇಲ್ಲಿ ಮೊಬೈಲ್ ಬೆಟ್ಟಿಂಗ್ ಕಾನೂನುಬದ್ಧವಾಗಿದ್ದು 2024ರ ಮಾರ್ಚ್ 11ಕ್ಕೆ, ಎಸಿಸಿ ಟೂರ್ನಿ ಶುರುವಾಗುವ ಹಿಂದಿನ ದಿನ. ದುಡ್ಡು ಕಳೆದುಕೊಂಡವರು ಆಡಿದ ಹುಡುಗರಿಗೇ ಮೆಸೇಜ್ ಹಾಕಿ ಬೈಯುತ್ತಾರೆ. ನಿನ್ನ ವಯಸ್ಸಿನ ಇಬ್ಬರು ಬಾಡಿಗೆ ದುಡ್ಡು ಕಳೆದುಕೊಂಡು ನಮ್ಮ ಮನೆಯ ಊಟದ ಮೇಜಿಗೆ ಬಂದು ಕೂತಿದ್ದನ್ನು ನೋಡಿದ್ದೇನೆ. ಆ ಆ್ಯಪ್ ಹತ್ತಿರ ಹೋದರೆ ನಿನ್ನಮ್ಮನಿಗೆ ನಾನೇ ಫೋನ್ ಮಾಡ್ತೀನಿ. ಆಫೀಸು, ಲ್ಯಾಬುಗಳಲ್ಲಿ ಮಾರ್ಚ್‌ನಲ್ಲಿ 68 ಟೀಮುಗಳ ಪಟ್ಟಿ ಹಿಡಿದು ಯಾರು ಗೆಲ್ತಾರೆ ಅಂತ ಬರೆಯುತ್ತಾರಲ್ಲ, ಅದನ್ನು ಮಾತ್ರ ತಪ್ಪದೆ ಬರೆ. ಏನೂ ಗೊತ್ತಿಲ್ಲದೆ ಬರೆದವರೇ ಮುಂದಿರುತ್ತಾರೆ. ಒಂದು ವರ್ಷ ನಮ್ಮತ್ತೆ ಬಣ್ಣ ನೋಡಿ ಆರಿಸಿ ನಮ್ಮ ಆಫೀಸಿನಲ್ಲಿ ಮೂರನೇ ಸ್ಥಾನ ಬಂದರು.

ಗಂಡಸರ ಮ್ಯಾಚು ನಡೆಯುವ ದೊಡ್ಡ ಅರೀನಾ ಕ್ಯಾಂಪಸ್ಸಿನಿಂದ ದೂರ, ಗದ್ದಲ ಜಾಸ್ತಿ. ನೀನು ಮೊದಲ ಮ್ಯಾಚು ಹುಡುಗಿಯರದ್ದು ನೋಡು. ಕ್ಯಾಂಪಸ್ ಒಳಗೇ ರೆನಾಲ್ಡ್ಸ್‌ನಲ್ಲಿ ನಡೆಯುತ್ತದೆ, 1949ರ ಇಟ್ಟಿಗೆ ಕಟ್ಟಡ. ಚೆಂಡು ಮರದ ನೆಲಕ್ಕೆ ಬಡಿಯುವ ಸದ್ದು ಎದೆಗೆ ಕೇಳುತ್ತದೆ. ಆ ಅಂಗಳಕ್ಕೆ ಕೇ ಯೌ ಅವರ ಹೆಸರು. 34 ವರ್ಷ ಇಲ್ಲಿ ಕೋಚ್ ಆಗಿದ್ದವರು. ಕ್ಯಾನ್ಸರ್ ಜೊತೆಯಲ್ಲಿಟ್ಟುಕೊಂಡೇ ಕೊನೆಯ ಸೀಸನ್‌ವರೆಗೂ ಬೆಂಚಿಗೆ ಬರುತ್ತಿದ್ದರು. 2009ರ ಜನವರಿಯಲ್ಲಿ ತೀರಿಕೊಂಡರು. ನಾನು ಅವರನ್ನು ಹತ್ತು ಸಾಲು ಹಿಂದಿನಿಂದ ನೋಡಿದ್ದೇನೆ.

ನವೆಂಬರ್‌ನಲ್ಲಿ ಸೀಸನ್ ಶುರು. ನಿನ್ನ ಮಿಡ್‌ಟರ್ಮ್ ಮುಗಿದ ವಾರ ಪಕ್ಕದ ಕ್ಯಾರಿ ಊರಿನ ದೇವಸ್ಥಾನದ ಹತ್ತಿರ ಬಂದು ನಿಂತಿರು, ನಾನು ಕರೆದುಕೊಂಡು ಹೋಗ್ತೀನಿ. ಡಬ್ಬಿ ಒಳಗೆ ಬಿಡುವುದಿಲ್ಲ, ಚಿತ್ರಾನ್ನ ಕಾರಲ್ಲೇ ತಿಂದು ಹೋಗೋಣ. ಆ ತಿಳಿನೀಲಿ ಟೀ ಶರ್ಟ್ ನಿನ್ನ ತಮ್ಮನಿಗೆ ಕೊಟ್ಟು ಬಾ. ಸೂಟ್‌ಕೇಸಿನಲ್ಲಿ ಆ ಜಾಗಕ್ಕೆ ಒಂದು ಕೆಜಿ ಬ್ಯಾಡಗಿ ಮೆಣಸಿನಪುಡಿ ಹಿಡಿಯುತ್ತದೆ, ಅರ್ಧ ನನಗೆ.