ಪಿಂಗ್ ಹೋಗುತ್ತದೆ, ಓಎಸ್‌ಪಿಎಫ್ ನೇಬರ್ ಮಾತ್ರ ಬರುತ್ತಿಲ್ಲ: ಬ್ರಿಡ್ಜ್ ಇರುವ ಕಡೆ ಏನು ನೋಡಬೇಕು?

ಪ್ರಶ್ನೆ: ಎರಡು ಕಚೇರಿಗಳಲ್ಲಿ ಒಂದೊಂದು ಲಿನಕ್ಸ್ ರೌಟರ್ ಇದೆ, ಎರಡರಲ್ಲೂ ಎಫ್‌ಆರ್‌ಆರ್ ಎಂಬ ರೌಟಿಂಗ್ ತಂತ್ರಾಂಶ, ಅದರಲ್ಲಿ ಓಎಸ್‌ಪಿಎಫ್ (ರೌಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್). ನಡುವೆ ವಿಎಕ್ಸ್‌ಲ್ಯಾನ್ ಟನಲ್ (ಈಥರ್ನೆಟ್ ಫ್ರೇಮನ್ನು ಯುಡಿಪಿಯೊಳಗೆ ಸುತ್ತಿ ಸಾಗಿಸುವ ದಾರಿ). ಟನಲ್ಲನ್ನೂ ಲ್ಯಾನ್ ಪೋರ್ಟನ್ನೂ ಬಿಆರ್0 ಬ್ರಿಡ್ಜಿಗೆ (ಪೋರ್ಟುಗಳನ್ನು ಒಂದೇ ಲ್ಯಾನ್ ಆಗಿ ಜೋಡಿಸುವ ಸಾಫ್ಟ್‌ವೇರ್ ಸ್ವಿಚ್) ಸೇರಿಸಿದ್ದೇನೆ. ಪಿಂಗ್ ಸರಾಗವಾಗಿದೆ. ನೇಬರ್ ಮಾತ್ರ ಒಂದು ಕಡೆ ಎಕ್ಸ್‌ಸ್ಟಾರ್ಟ್, ಇನ್ನೊಂದು ಕಡೆ ಎಕ್ಸ್‌ಚೇಂಜ್‌ನಲ್ಲಿ ನಿಂತುಬಿಡುತ್ತದೆ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಹೋಲಿಕೆಯನ್ನು ಬಿಟ್ಟುಬಿಡುವ ಎಂಟಿಯು-ಇಗ್ನೋರ್ ಆಯ್ಕೆ ಹಾಕಿದರೆ ಸಾಕು ಎನ್ನುತ್ತಾರೆ. ಹಾಕಲೇ?

ಉತ್ತರ: ದಯವಿಟ್ಟು ಹಾಕಬೇಡಿ. ಹಾಕಿದರೆ ಇವತ್ತು ನೇಬರ್ ಫುಲ್ (ಪೂರ್ತಿ ಜೋಡಣೆಯ ಸ್ಥಿತಿ) ಆಗುತ್ತದೆ, ತೊಂದರೆ ಮುಂದಕ್ಕೆ ಹೋಗುತ್ತದೆ ಅಷ್ಟೇ.

ನೇಬರ್ ಎಕ್ಸ್‌ಸ್ಟಾರ್ಟ್‌ವರೆಗೆ ಬಂದಿದೆ ಎಂದರೆ ನೇಬರನ್ನು ಗುರುತಿಸುವ ಹಲೋ ಪ್ಯಾಕೆಟ್ ಎರಡೂ ದಿಕ್ಕಿನಲ್ಲಿ ಓಡಾಡುತ್ತಿದೆ. ಏರಿಯಾ, ಟೈಮರ್, ಪಾಸ್‌ವರ್ಡ್, ಫೈರ್‌ವಾಲ್ ಯಾವುದನ್ನೂ ಈಗ ಮುಟ್ಟಬೇಕಿಲ್ಲ. ಮುಂದಿನ ಹಂತದಲ್ಲಿ ಎರಡೂ ರೌಟರ್‌ಗಳು ಡೇಟಾಬೇಸ್ ಡಿಸ್ಕ್ರಿಪ್ಷನ್ ಪ್ಯಾಕೆಟ್ ಕಳಿಸುತ್ತವೆ. ಅದರೊಳಗೆ ಕಳಿಸಿದವರ ಇಂಟರ್‌ಫೇಸ್ ಎಂಟಿಯು ಬರೆದಿರುತ್ತದೆ. ಬಂದ ಸಂಖ್ಯೆ ತನ್ನದಕ್ಕಿಂತ ದೊಡ್ಡದಿದ್ದರೆ ಪಡೆದ ರೌಟರ್ ಆ ಪ್ಯಾಕೆಟ್ಟನ್ನು ತಿರಸ್ಕರಿಸಬೇಕು ಎಂಬುದು 1998ರ ಆರ್‌ಎಫ್‌ಸಿ 2328ರ ನಿಯಮ. ಹಾಗಾಗಿ ತಕರಾರು ಎತ್ತುವುದು ಯಾವಾಗಲೂ ಚಿಕ್ಕ ಎಂಟಿಯು ಇರುವ ಕಡೆ. ಎಫ್‌ಆರ್‌ಆರ್ ಲಾಗ್ ಅನ್ನೂ ಅಲ್ಲೇ ಓದಿ. ನೇಬರಿನ ಎಂಟಿಯು ತನ್ನದಕ್ಕಿಂತ ದೊಡ್ಡದಿದೆ ಎಂದು ಸಂಖ್ಯೆಗಳ ಸಮೇತ ಬರೆದಿರುತ್ತದೆ.

ವ್ಯತ್ಯಾಸ ಬರುವುದು ಹೀಗೆ. ವಿಎಕ್ಸ್‌ಲ್ಯಾನ್ ಪ್ರತಿ ಪ್ಯಾಕೆಟ್ಟಿಗೆ 50 ಬೈಟ್ ಸೇರಿಸುತ್ತದೆ: ಒಳಗಿನ ಈಥರ್ನೆಟ್ 14, ವಿಎಕ್ಸ್‌ಲ್ಯಾನ್ 8, ಯುಡಿಪಿ 8, ಹೊರಗಿನ ಐಪಿ 20. ಹೊರಗಿನ ಲಿಂಕ್ 1500 ಇದ್ದರೆ ಟನಲ್ಲಿಗೆ ಉಳಿಯುವುದು 1450. ಲಿನಕ್ಸ್ ಬ್ರಿಡ್ಜಿನ ಎಂಟಿಯು ತಾನಾಗಿಯೇ ಪೋರ್ಟುಗಳಲ್ಲಿ ಅತಿ ಚಿಕ್ಕದಕ್ಕೆ ಇಳಿಯುತ್ತದೆ, ಅಂದರೆ 1450ಕ್ಕೆ. ಆದರೆ ಯಾರಾದರೂ ಕಾನ್ಫಿಗ್ ಫೈಲಿನಲ್ಲಿ ಬಿಆರ್0ಗೆ 1500 ಎಂದು ಕೈಯಾರೆ ಬರೆದಿದ್ದರೆ, ಈಗಿನ ಕರ್ನೆಲ್‌ಗಳು ಆ ಮಾತಿಗೆ ಬೆಲೆ ಕೊಟ್ಟು ತಾವಾಗಿ ಇಳಿಸುವುದನ್ನು ನಿಲ್ಲಿಸುತ್ತವೆ. ನಿಮ್ಮ ಎರಡು ಕಚೇರಿಗಳಲ್ಲಿ ಒಂದರಲ್ಲಿ ಇಂಥ ಸಾಲು ಇದ್ದೇ ಇರುತ್ತದೆ ಎಂಬುದು ನಮ್ಮ ಅಂದಾಜು.

ಮಾಮೂಲಿ ಪಿಂಗ್ ಬರೀ 84 ಬೈಟ್. ಅದು ಹೋಗಿದ್ದಕ್ಕೆ ಇಲ್ಲಿ ಅರ್ಥವಿಲ್ಲ. ಡು-ನಾಟ್-ಫ್ರಾಗ್ಮೆಂಟ್ ಆಯ್ಕೆ ಕೊಟ್ಟು, ಸೈಜ್ 1472 ಇಟ್ಟು ಎರಡೂ ಕಡೆಯಿಂದ ಪಿಂಗ್ ಮಾಡಿ. 1450 ಇರುವ ರೌಟರ್ 'ಮೆಸೇಜ್ ಟೂ ಲಾಂಗ್' ಎಂದು ತಕ್ಷಣ ಹೇಳುತ್ತದೆ. 1500 ಇರುವ ರೌಟರಿನಲ್ಲಿ ಏನೂ ಬರುವುದಿಲ್ಲ: ಪ್ಯಾಕೆಟ್ ಬ್ರಿಡ್ಜಿಗೆ ಇಳಿಯುತ್ತದೆ, ಟನಲ್ ಪೋರ್ಟಿನ ಬಾಯಿಗೆ ಹಿಡಿಸದೆ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಬ್ರಿಡ್ಜ್ ಎರಡನೇ ಪದರದ್ದು, ತುಂಡು ಮಾಡಿ ಕಳಿಸುವ ಕೆಲಸ ಅದರದ್ದಲ್ಲ. 1422 ಸೈಜಿನ ಪಿಂಗ್ ಮಾತ್ರ ಎರಡೂ ಕಡೆಯಿಂದ ಹೋಗಬೇಕು.

ಎಂಟಿಯು-ಇಗ್ನೋರ್ ಮುಟ್ಟಬೇಡಿ ಎಂದಿದ್ದು ಇದೇ ಕಾರಣಕ್ಕೆ. ಅದು ಪರೀಕ್ಷೆಯನ್ನು ನಿಲ್ಲಿಸುತ್ತದೆಯೇ ಹೊರತು ಟನಲ್ಲನ್ನು ಅಗಲ ಮಾಡುವುದಿಲ್ಲ. ಲೆಕ್ಕ ಹಾಕಿ ನೋಡಿ: ಐಪಿ 20, ಓಎಸ್‌ಪಿಎಫ್ ಹೆಡರ್ 24, ಡಿಸ್ಕ್ರಿಪ್ಷನ್ ಭಾಗ 8, ಆಮೇಲೆ ಪ್ರತಿ ಎಲ್‌ಎಸ್‌ಎ (ಲಿಂಕ್ ಮಾಹಿತಿಯ ದಾಖಲೆ) ಹೆಡರಿಗೆ 20. 69 ಹೆಡರ್ ತುಂಬಿದರೆ 1432 ಬೈಟ್, ದಾಟುತ್ತದೆ. ಒಂದೇ ಪ್ಯಾಕೆಟ್ಟಿಗೆ 70 ಹೆಡರ್ ತುಂಬಿದ ದಿನ 1452, ಅಲ್ಲಿಗೆ ಮುಗಿಯಿತು. ಯಾರೂ ಏನೂ ಬದಲಿಸದಿದ್ದರೂ, ಬರೀ ನೆಟ್‌ವರ್ಕ್ ಬೆಳೆದಿದ್ದಕ್ಕೇ, ಯಾವುದೋ ರಾತ್ರಿ ಲಿಂಕ್ ಬಿದ್ದು ಎದ್ದಾಗ ನೇಬರ್ ಮೇಲೆ ಬರುವುದಿಲ್ಲ. ಆ ಹೊತ್ತಿನಲ್ಲಿ ಕಾರಣ ಹುಡುಕುವುದು ಬಹಳ ಕಷ್ಟ.

ಎರಡೂ ಬಿಆರ್0ಗಳನ್ನು 1450ಕ್ಕೆ ತನ್ನಿ, ಅಥವಾ ಹೊರಗಿನ ದಾರಿ ಉದ್ದಕ್ಕೂ ನಿಮ್ಮ ಕೈಯಲ್ಲಿದ್ದರೆ ಅದನ್ನು 1550ಕ್ಕೆ ಏರಿಸಿ ಟನಲ್ಲನ್ನೂ ಬ್ರಿಡ್ಜನ್ನೂ 1500ರಲ್ಲಿಡಿ. ಎರಡನೆಯದು ಸಾಧ್ಯವಿದ್ದರೆ ಅದನ್ನೇ ಮಾಡಿ. ಇಲ್ಲದಿದ್ದರೆ ಬ್ರಿಡ್ಜಿನ ಹಿಂದಿರುವ ಕಂಪ್ಯೂಟರುಗಳಿಗೂ 1450 ಕೊಡಬೇಕಾಗುತ್ತದೆ.

ಪ್ರಶ್ನೆ: ನಮ್ಮ ರೌಟರಿನಲ್ಲಿ ನೇಬರ್ ಪಟ್ಟಿ ಪೂರ್ತಿ ಖಾಲಿ. ಎದುರಿನ ರೌಟರ್ ನಮ್ಮನ್ನು ಇನಿಟ್ ಎಂದು ತೋರಿಸುತ್ತದೆ. ಈಟಿಎಚ್1 ಪೋರ್ಟಿನ ಮೇಲೆ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್ ಹಾಕಿದರೆ ಅವರ ಹಲೋ 10 ಸೆಕೆಂಡಿಗೊಮ್ಮೆ ಬರುವುದು ಕಾಣುತ್ತದೆ. ಹಾಗಿದ್ದರೆ ಎಫ್‌ಆರ್‌ಆರ್‌ಗೆ ಯಾಕೆ ಕಾಣುತ್ತಿಲ್ಲ?

ಉತ್ತರ: ಈಟಿಎಚ್1 ಈಗ ಯಾವುದಾದರೂ ಬ್ರಿಡ್ಜಿನ ಪೋರ್ಟ್ ಆಗಿದೆಯೇ, ಐಪಿ ವಿಳಾಸ ಇನ್ನೂ ಅದರ ಮೇಲೇ ಉಳಿದಿದೆಯೇ ನೋಡಿ. ನೀವು ಹೇಳಿದ ಮೂರೂ ಲಕ್ಷಣ ಸೇರಿದರೆ ಹೆಚ್ಚಾಗಿ ಇದೇ ಇರುತ್ತದೆ.

ಪೋರ್ಟನ್ನು ಬ್ರಿಡ್ಜಿಗೆ ಸೇರಿಸಿದ ಮೇಲೆ ಒಳಬರುವ ಫ್ರೇಮನ್ನು ಐಪಿ ಪದರ ನೋಡುವ ಮೊದಲೇ ಬ್ರಿಡ್ಜ್ ಎತ್ತಿಕೊಳ್ಳುತ್ತದೆ, ಮೇಲಕ್ಕೆ ಕೊಡುವಾಗ ಬಿಆರ್0ದ ಹೆಸರಿನಲ್ಲಿ ಕೊಡುತ್ತದೆ. ಟಿಸಿಪಿಡಂಪ್ ಕೂತಿರುವುದು ಅದಕ್ಕೂ ಮುಂಚಿನ ಜಾಗದಲ್ಲಿ, ಅದಕ್ಕೇ ನಿಮಗೆ ಹಲೋ ಕಾಣುತ್ತದೆ. ಎಫ್‌ಆರ್‌ಆರ್ ಕಾಯುತ್ತಿರುವುದು ಈಟಿಎಚ್1ರ ಮೇಲೆ ಓಎಸ್‌ಪಿಎಫ್ ಮಲ್ಟಿಕಾಸ್ಟ್ ವಿಳಾಸ 224.0.0.5ಕ್ಕೆ ಬರುವ ಪ್ಯಾಕೆಟ್ಟಿಗೆ, ಅಲ್ಲಿಗೆ ಏನೂ ಬರುವುದಿಲ್ಲ. ಹೊರಹೋಗುವ ಹಲೋಗೆ ಈ ಅಡ್ಡಿ ಇಲ್ಲ. ಅದು ಪೋರ್ಟಿನಿಂದ ನೇರ ತಂತಿಗೆ ಹೋಗುತ್ತದೆ. ಎದುರಿನವರಿಗೆ ನಿಮ್ಮ ಹಲೋ ಸಿಗುತ್ತದೆ, ಅದರ ನೇಬರ್ ಪಟ್ಟಿಯಲ್ಲಿ ಅವರ ರೌಟರ್ ಐಡಿ ಇರುವುದಿಲ್ಲ, ಹಾಗಾಗಿ ಇನಿಟ್.

ಐಪಿಯನ್ನು ಈಟಿಎಚ್1ರಿಂದ ತೆಗೆದು ಬಿಆರ್0ಗೆ ಹಾಕಿ, ಓಎಸ್‌ಪಿಎಫ್ ಏರಿಯಾ ಮತ್ತು ಪಾಸ್‌ವರ್ಡ್ ಸಾಲುಗಳನ್ನೂ ಬಿಆರ್0 ಕೆಳಗೆ ಬರೆಯಿರಿ. ಇದನ್ನು ಎಸ್‌ಎಸ್‌ಎಚ್‌ನಿಂದ ಮಾಡುತ್ತಿದ್ದರೆ ತುಂಬ ಜೋಪಾನ. ವಿಳಾಸ ತೆಗೆದ ಕ್ಷಣ ಅದನ್ನು ನೆಚ್ಚಿದ ಡಿಫಾಲ್ಟ್ ರೂಟ್ ಕೂಡ ಹೋಗುತ್ತದೆ. ತೆಗೆಯುವುದು, ಹಾಕುವುದು, ರೂಟ್ ಮತ್ತೆ ಸೇರಿಸುವುದು ಮೂರನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಓಡಿಸಿ. ಮೈಕ್ರೋಟಿಕ್‌ನಲ್ಲೂ ಇದೇ ನಿಯಮ: ವಿಳಾಸವೂ ಓಎಸ್‌ಪಿಎಫ್ ಇಂಟರ್‌ಫೇಸ್ ಟೆಂಪ್ಲೇಟೂ ಬ್ರಿಡ್ಜಿನ ಮೇಲಿರಬೇಕು.

ಅದೇ ಕೈಯಲ್ಲಿ ಬಿಆರ್0ಗೆ ಒಂದು ಮ್ಯಾಕ್ ವಿಳಾಸವನ್ನೂ ನಿಗದಿ ಮಾಡಿಬಿಡಿ. ಇಲ್ಲದಿದ್ದರೆ ಬ್ರಿಡ್ಜ್ ತನ್ನ ಪೋರ್ಟುಗಳಲ್ಲಿ ಅತಿ ಚಿಕ್ಕ ಮ್ಯಾಕನ್ನು ಹಿಡಿಯುತ್ತದೆ. ಆ ಪೋರ್ಟ್ ಹೋದರೆ ಮ್ಯಾಕ್ ಬದಲಾಗುತ್ತದೆ, ಎದುರಿನವರ ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್ ಎಂಬುದು) ಹಳೆಯದಾಗುತ್ತದೆ.

ಪ್ರಶ್ನೆ: ಒಂದೇ ಸರ್ವರಿನಲ್ಲಿ ಎರಡು ವರ್ಚುವಲ್ ರೌಟರ್, ಎರಡೂ ಒಂದೇ ಬ್ರಿಡ್ಜಿನಲ್ಲಿ. ವರ್ಷದಿಂದ ಚೆನ್ನಾಗಿತ್ತು. ಸರ್ವರಿಗೆ ಕಂಟೇನರ್ ಓಡಿಸುವ ಡಾಕರ್ ಹಾಕಿದ ದಿನ ನೇಬರ್ ಹೋಯಿತು. ಎಆರ್‌ಪಿ ಮಾತ್ರ ಸರಿ ಇದೆ.

ಉತ್ತರ: ಡಾಕರ್ 1.13ರಿಂದ ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಫಾರ್ವರ್ಡ್ ಚೈನಿನ ಪಾಲಿಸಿಯನ್ನು 'ಡ್ರಾಪ್' ಎಂದು ಬದಲಿಸುತ್ತದೆ. ಜೊತೆಗೆ ಬಿಆರ್-ನೆಟ್‌ಫಿಲ್ಟರ್ ಮಾಡ್ಯೂಲ್ ಲೋಡ್ ಆದರೆ ಬ್ರಿಡ್ಜಿನೊಳಗೇ ಓಡಾಡುವ ಐಪಿ ಪ್ಯಾಕೆಟ್ಟುಗಳೂ ಅದೇ ಚೈನಿನ ಮೂಲಕ ಹಾಯುತ್ತವೆ. ಓಎಸ್‌ಪಿಎಫ್ ಐಪಿ ಪ್ರೋಟೋಕಾಲ್ 89, ಟಿಸಿಪಿಯೂ ಅಲ್ಲ ಯುಡಿಪಿಯೂ ಅಲ್ಲ. ಅದಕ್ಕೆ ಯಾರೂ ನಿಯಮ ಬರೆದಿಲ್ಲ, ಬಿದ್ದುಹೋಗುತ್ತದೆ. ಎಆರ್‌ಪಿ ಐಪಿಟೇಬಲ್ಸ್‌ಗೆ ಹೋಗುವುದೇ ಇಲ್ಲ, ಅದಕ್ಕೇ ಅದು ಬದುಕಿದೆ.

ಒಂದು ರೌಟರಿನ ಟ್ಯಾಪ್ ಪೋರ್ಟಿನಲ್ಲಿ ಹಲೋ ಕಂಡು ಇನ್ನೊಂದರ ಟ್ಯಾಪಿನಲ್ಲಿ ಕಾಣದಿದ್ದರೆ, ಮತ್ತು ಪ್ರತಿ ಹಲೋ ಜೊತೆ ಡ್ರಾಪ್ ಕೌಂಟರ್ ಏರುತ್ತಿದ್ದರೆ ಖಾತ್ರಿಯಾಯಿತು. ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್ ಅನ್ನು 0 ಮಾಡಿದರೆ ತೊಂದರೆ ಹೋಗುತ್ತದೆ, ಆದರೆ ಕಂಟೇನರ್ ನೆಟ್‌ವರ್ಕಿಗೆ, ಮುಖ್ಯವಾಗಿ ಕುಬರ್ನೆಟಿಸ್‌ಗೆ ಅದು 1 ಇರಬೇಕಾಗುತ್ತದೆ. ಡಾಕರ್-ಯೂಸರ್ ಚೈನಿನಲ್ಲಿ ಬಿಆರ್0ದಿಂದ ಬಂದು ಬಿಆರ್0ಗೇ ಹೋಗುವುದಕ್ಕೆ ಅಕ್ಸೆಪ್ಟ್ ನಿಯಮ ಹಾಕುವುದು ಮೇಲು. ಡಾಕರ್ ತಾನು ರೀಸ್ಟಾರ್ಟ್ ಆದಾಗ ಆ ನಿಯಮವನ್ನು ಮುಟ್ಟುವುದಿಲ್ಲ. ಸರ್ವರ್ ರೀಬೂಟ್ ಆದಾಗ ಮತ್ತೆ ಹಾಕುವ ವ್ಯವಸ್ಥೆ ನೀವು ಮಾಡಿಡಬೇಕು.

ಪ್ರಶ್ನೆ: ಬ್ರಿಡ್ಜುಗಳ ನಡುವೆ ಬದಲಿ ಕೇಬಲ್ ಇದೆ, ಪ್ಯಾಕೆಟ್ ಸುತ್ತು ಹೊಡೆಯದಂತೆ ತಡೆಯುವ ಎಸ್‌ಟಿಪಿ ಚಾಲೂ ಇದೆ. ಆದರೂ ದೂರದ ಕೇಬಲ್ ಒಂದು ಕಿತ್ತರೆ ನೇಬರ್ ಬಿದ್ದು ಏಳುತ್ತದೆ.

ಉತ್ತರ: ಹಳೆಯ ಎಸ್‌ಟಿಪಿ ದೂರದ ಕಡಿತವನ್ನು ಅರಿಯಲು 20 ಸೆಕೆಂಡ್, ಆಮೇಲೆ ಲಿಸನಿಂಗ್ 15, ಲರ್ನಿಂಗ್ 15, ಒಟ್ಟು 50 ಸೆಕೆಂಡ್ ತೆಗೆದುಕೊಳ್ಳಬಹುದು. ಹಲೋ ಬರದಿದ್ದರೆ ನೇಬರನ್ನು ಕೈಬಿಡುವ ಓಎಸ್‌ಪಿಎಫ್ ಡೆಡ್ ಟೈಮರ್ ಮಾಮೂಲಿಯಾಗಿ 40. ಬದಲಿ ದಾರಿ ತೆರೆಯುವ ಮೊದಲೇ ನೇಬರ್ ಸತ್ತಿರುತ್ತದೆ. ಲಿನಕ್ಸ್ ಕರ್ನೆಲ್ಲಿನ ಬ್ರಿಡ್ಜಿನಲ್ಲಿರುವುದು ಆ ಹಳೆಯ ಎಸ್‌ಟಿಪಿಯೇ; ಅದರ ವೇಗದ ರೂಪವಾದ ಆರ್‌ಎಸ್‌ಟಿಪಿ ಬೇಕಾದರೆ ಎಂಎಸ್‌ಟಿಪಿಡಿ ಎಂಬ ಪ್ರತ್ಯೇಕ ಡೀಮನ್ ಓಡಿಸಬೇಕು. ಡೆಡ್ ಟೈಮರನ್ನು ಎರಡೂ ಕಡೆ 60ಕ್ಕೆ ಏರಿಸಿದರೂ ನೇಬರ್ ಬೀಳದೆ ಉಳಿಯಬಹುದು, ಆದರೆ ಆ 50 ಸೆಕೆಂಡ್ ಟ್ರಾಫಿಕ್ ಕತ್ತಲಲ್ಲೇ ಇರುತ್ತದೆ. ನಿಮ್ಮ ಎರಡು ಕೇಬಲ್‌ಗಳನ್ನು ಬ್ರಿಡ್ಜಿನಿಂದ ಹೊರತೆಗೆದು, ಎರಡಕ್ಕೂ ಬೇರೆ ಬೇರೆ ಸಬ್‌ನೆಟ್ ಕೊಟ್ಟು, ಪಾಯಿಂಟ್-ಟು-ಪಾಯಿಂಟ್ ಓಎಸ್‌ಪಿಎಫ್ ಲಿಂಕುಗಳಾಗಿ ಮಾಡಿ. ನೆಟ್‌ವರ್ಕ್ ಟೈಪನ್ನು ಎರಡೂ ತುದಿಯಲ್ಲಿ ಬದಲಿಸಲು ಮರೆಯಬೇಡಿ: ಒಂದು ತುದಿ ಬ್ರಾಡ್‌ಕಾಸ್ಟ್ ಆಗಿಯೇ ಉಳಿದರೆ ನೇಬರ್ ಫುಲ್ ಎಂದು ತೋರಿಸುತ್ತದೆ, ರೂಟುಗಳು ಮಾತ್ರ ಟೇಬಲ್ಲಿಗೆ ಬರುವುದಿಲ್ಲ.