ಅಮ್ಮನಿಗೆ ಯಾವ ಪತ್ರಿಕೆ ತರಿಸಲಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಾಯಿಗೆ 67 ವರ್ಷ. ಹೊಲಿಗೆ-ಕಸೂತಿಯ ಮಾಸಪತ್ರಿಕೆಗೂ ಒಂದು ವಾರಪತ್ರಿಕೆಗೂ ಬಹಳ ವರ್ಷಗಳಿಂದ ಚಂದಾ ಕಟ್ಟುತ್ತಾ ಬಂದಿದ್ದೇವೆ. ಈಗೀಗ ಎರಡೂ ಕವರ್ ಬಿಚ್ಚದೆ ಮೂಲೆ ಸೇರುತ್ತಿವೆ. ಅಮ್ಮನಿಗೆ ಗಿಡ ನೆಡುವುದು, ಕಿಟಕಿ ಬಳಿ ಕೂತು ಹಕ್ಕಿ ನೋಡುವುದು ಹೆಚ್ಚಾಗಿದೆ. ಕೇಳಿದರೆ ‘ಯಾವುದಾದರೂ ಸರಿ, ನನಗ್ಯಾಕೆ ದುಡ್ಡು ಹಾಳು ಮಾಡ್ತೀಯ’ ಎನ್ನುತ್ತಾರೆ. ಎರಡನ್ನೂ ನಿಲ್ಲಿಸಿ ಹಕ್ಕಿಗಳ ಪತ್ರಿಕೆ ತರಿಸಲೇ?

ಉತ್ತರ: ಇಷ್ಟು ಬೇಗ ಬೇಡ. ವಿಷಯ ಆರಿಸುವ ಮುನ್ನ ಪತ್ರಿಕೆ ಎಷ್ಟು ದಿನಕ್ಕೊಮ್ಮೆ ಬರಬೇಕು ಎಂಬುದನ್ನು ತೀರ್ಮಾನಿಸಿ. ಬಿಚ್ಚದ ಪತ್ರಿಕೆಗಳ ರಾಶಿ ಕಂಡರೆ ಆಸಕ್ತಿ ಹೋಗಿದೆ ಅಂದುಕೊಳ್ಳುತ್ತೇವೆ. ಎಷ್ಟೋ ಮನೆಗಳಲ್ಲಿ ಓದುವ ವೇಗ ತಗ್ಗಿರುತ್ತದೆ, ಅಷ್ಟೇ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಅರ್ಧ ಗಂಟೆ ಓದು, ಪುಟಕ್ಕೆ 5 ನಿಮಿಷ ಎಂದಾದರೆ ವಾರಕ್ಕೆ 42 ಪುಟ. 80 ಪುಟದ ವಾರಪತ್ರಿಕೆಯಲ್ಲಿ ಜಾಹೀರಾತು ಬಿಟ್ಟು ಓದುವಂಥದ್ದು 50 ಪುಟ ಇದೆ ಎನ್ನೋಣ. ಮಾಸಪತ್ರಿಕೆಯ ಪಾಲು ವಾರಕ್ಕೆ 15 ಪುಟ. ಅಲ್ಲಿಗೆ ಪ್ರತಿ ವಾರ 23 ಪುಟ ಬಾಕಿ. ಮೂರು ತಿಂಗಳಲ್ಲಿ ಸುಮಾರು 300. ಬಾಕಿ ಬಿದ್ದ ಮೇಲೆ ಹೊಸದನ್ನೂ ಬಿಚ್ಚುವ ಮನಸ್ಸಾಗುವುದಿಲ್ಲ. ಈ ಸ್ಥಿತಿಯಲ್ಲಿ ಹಕ್ಕಿಗಳ ಪತ್ರಿಕೆ ತರಿಸಿದರೂ ಅದು ಅದೇ ಮೂಲೆಗೆ ಹೋಗುತ್ತದೆ. ವಾರಪತ್ರಿಕೆಯ ಬದಲು ಪಾಕ್ಷಿಕವೋ ಮಾಸಿಕವೋ ಆದರೆ ರಾಶಿ ತಾನಾಗಿ ಕರಗುತ್ತದೆ.

ಇನ್ನು ವಿಷಯ. ‘ಯಾವುದು ಇಷ್ಟ’ ಎಂದು ಕೇಳಿದರೆ ನಿಮಗೆ ಸಿಕ್ಕ ಉತ್ತರವೇ ಎಲ್ಲರಿಗೂ ಸಿಗುವುದು. ಅದರ ಬದಲು ಅವರು ಕೊನೆಯದಾಗಿ ಓದಿದ ನಾಲ್ಕೈದು ಸಂಚಿಕೆಗಳನ್ನು ಕೈಗೆತ್ತಿಕೊಳ್ಳಿ. ಯಾವ ಪುಟದ ಮೂಲೆ ಮಡಚಿದೆ, ಎಲ್ಲಿ ಕತ್ತರಿ ಆಡಿದೆ, ಪದಬಂಧ ಎಷ್ಟು ತುಂಬಿದೆ? ಕಸೂತಿ ಪತ್ರಿಕೆಯ ನಡುವಿನ ಪಿನ್ ನೋಡಿ. ನಕ್ಷೆಯ ಹಾಳೆ ಕಿತ್ತು ಬಳಸಿದ್ದರೆ ಪಿನ್ನಿನ ತೂತು ಹರಿದು ಅಗಲವಾಗಿರುತ್ತದೆ. ಹಾಳೆ ಮಡಿಕೆ ಬಿಚ್ಚದೆ ಹಾಗೇ ಇದ್ದು ಲೇಖನಗಳ ಪುಟ ಮಾತ್ರ ಮೆತ್ತಗಾಗಿದ್ದರೆ ತಾಯಿ ಹೊಲಿಯುವುದನ್ನು ಬಿಟ್ಟಿದ್ದಾರೆ, ಅದರ ಬಗ್ಗೆ ಓದುವುದನ್ನು ಬಿಟ್ಟಿಲ್ಲ. ಬೆರಳು ಗಂಟು ಬಿಗಿದವರಲ್ಲಿ, ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದವರಲ್ಲಿ ಹೀಗಾಗುವುದುಂಟು. ಅಂಥವರಿಗೆ ನಕ್ಷೆಗಳ ಪತ್ರಿಕೆ ಬದಲಿಸಿ ನೇಯ್ಗೆ, ಬಟ್ಟೆ, ಕುಶಲಕಲೆಗಳ ಕುರಿತು ಬರೆಯುವ ಪತ್ರಿಕೆ ಕೊಡಬೇಕು.

ಹಕ್ಕಿಗಳಿಗೂ ಇದೇ ಮಾತು. ಹವ್ಯಾಸದ ಪತ್ರಿಕೆಗಳಲ್ಲಿ ಮಾಡುವವರದ್ದು ಬೇರೆ, ಓದುವವರದ್ದು ಬೇರೆ. ಮೊದಲ ಬಗೆಯಲ್ಲಿ ಬೈನಾಕ್ಯುಲರ್, ಕ್ಯಾಮೆರಾ ಲೆನ್ಸುಗಳ ವಿಮರ್ಶೆಯೇ ಹಲವು ಪುಟ ತಿನ್ನುತ್ತದೆ. ಕಿಟಕಿಯಿಂದ ನೋಡುವವರಿಗೆ ಅದು ರದ್ದಿ. ತೋಟಗಾರಿಕೆಯ ಪತ್ರಿಕೆಯಾದರೆ ಅದು ಎಲ್ಲಿನ ಹವಾಮಾನಕ್ಕೆ ಬರೆದದ್ದು ಎಂದು ಮೊದಲು ನೋಡಿ. ಭೂಮಧ್ಯರೇಖೆಯ ಆಚೆಗಿನ ಪತ್ರಿಕೆಯ ‘ಈ ತಿಂಗಳ ಕೆಲಸ’ ನಿಮಗೆ ಆರು ತಿಂಗಳು ಹಿಂದುಮುಂದಾಗುತ್ತದೆ. ಆಕಾಶ ನೋಡುವವರ ಪತ್ರಿಕೆಯಲ್ಲೂ ಇದೇ ಪೇಚು: ನಕ್ಷತ್ರ ನಕ್ಷೆಯನ್ನು ಒಂದು ನಿರ್ದಿಷ್ಟ ಅಕ್ಷಾಂಶಕ್ಕೆ ಬರೆದಿರುತ್ತಾರೆ, ಜೊತೆಗೆ ತಿಂಗಳು ಕಳೆದ ಮೇಲೆ ಕೈಸೇರಿದರೆ ಆ ಪುಟದಿಂದ ಅಷ್ಟಾಗಿ ಉಪಯೋಗವಿಲ್ಲ.

ಚಂದಾ ಕಟ್ಟುವ ಮೊದಲು ಮೂರು ಬಿಡಿ ಸಂಚಿಕೆ ತನ್ನಿ, ಇಲ್ಲವೇ ಗ್ರಂಥಾಲಯದಿಂದ ಎರವಲು ಪಡೆಯಿರಿ. ಒಂದು ಹೊಸದು, ಒಂದು ಆರು ತಿಂಗಳ ಹಿಂದಿನದು, ಇನ್ನೊಂದು ಯಾವುದಾದರೂ ಆಗಲಿ. ವಿಶೇಷಾಂಕ ಮಾತ್ರ ಬೇಡ, ಅದನ್ನು ನೋಡಿ ಇಡೀ ವರ್ಷವನ್ನು ಅಳೆಯಲಾಗದು. ಪರಿವಿಡಿಗಳನ್ನು ಅಕ್ಕಪಕ್ಕ ಇಟ್ಟರೆ ಮೂರರಲ್ಲೂ ಬಂದಿರುವ ಖಾಯಂ ಅಂಕಣಗಳು ಕಾಣುತ್ತವೆ. ಚಂದಾ ಕೊಟ್ಟು ನೀವು ಖಚಿತವಾಗಿ ಪಡೆಯುವುದು ಅವುಗಳನ್ನೇ. ಆ ಅಂಕಣಗಳಲ್ಲಿ ಎರಡನ್ನಾದರೂ ತಾಯಿ ತಾವಾಗಿ ಓದಿದರೆ ಚಂದಾ ಕಟ್ಟಿ. ಮುಖಪುಟದ ಲೇಖನವೊಂದೇ ಹಿಡಿಸಿತು ಎಂದರೆ ಬಿಡಿ ಸಂಚಿಕೆ ಸಾಕು. ಕಟ್ಟುವುದಾದರೂ ಒಂದು ವರ್ಷಕ್ಕೆ ಮಾತ್ರ. ಮೂರು ವರ್ಷದ ಚಂದಾದಲ್ಲಿ ಸಂಚಿಕೆಗೆ ಬೀಳುವ ದರ ಕಡಿಮೆ, ನಿಜ. ಬದಲಾಗುತ್ತಿರುವ ಅಭಿರುಚಿಗೆ ಅದು ಉಳಿತಾಯವಲ್ಲ.

ಪ್ರಶ್ನೆ: ಅಮ್ಮ ಹೊಸದಾಗಿ ಕ್ರೋಶಾ ಕಲಿಯುತ್ತಿದ್ದಾರೆ. ಡಿಜಿಟಲ್ ಚಂದಾ ಅಗ್ಗವಿದೆ. ಆದರೆ ಪತ್ರಿಕೆಯಲ್ಲಿದ್ದಂತೆ ಹೆಣೆದರೂ ಅಳತೆ ತಪ್ಪುತ್ತಿದೆ.

ಉತ್ತರ: ಪತ್ರಿಕೆ ಎಲ್ಲಿಯದು ಎಂದು ನೋಡಿ. ಅಮೆರಿಕದ ಪತ್ರಿಕೆಗಳು ಸಿಂಗಲ್ ಕ್ರೋಶಾ ಎನ್ನುವ ಹೊಲಿಗೆಯನ್ನೇ ಬ್ರಿಟಿಷ್ ಪತ್ರಿಕೆಗಳು ಡಬಲ್ ಕ್ರೋಶಾ ಎನ್ನುತ್ತವೆ. ಒಂದರ ಸೂಚನೆಯನ್ನು ಇನ್ನೊಂದರಂತೆ ಓದಿದರೆ ಪ್ರತಿ ಸಾಲಿನ ಎತ್ತರವೂ ಬದಲಾಗುತ್ತದೆ. ಕಡ್ಡಿಯನ್ನು ಸಂಖ್ಯೆಯಿಂದಲ್ಲ, ಮಿಲಿಮೀಟರ್ ಅಳತೆಯಿಂದ ಆರಿಸಿ. ಮಾದರಿ ಹಾಳೆಯನ್ನು ಪ್ರಿಂಟ್ ಹಾಕುವುದಿದ್ದರೆ ‘ಫಿಟ್ ಟು ಪೇಜ್’ ತೆಗೆದು 100 ಪ್ರತಿಶತಕ್ಕೆ ಇಡಿ. ಹಾಳೆಯಲ್ಲಿ ಪರೀಕ್ಷೆಗೆಂದು ಕೊಟ್ಟ ಚೌಕವಿದ್ದರೆ ಸ್ಕೇಲಿನಿಂದ ಅಳೆದ ಮೇಲೆಯೇ ಕತ್ತರಿಸಿ. ಕಲಿಯುವವರಿಗೆ ನಮ್ಮ ಮತ ಮುದ್ರಿತ ಪ್ರತಿಗೇ. ಕೈಯಲ್ಲಿ ದಾರ ಹಿಡಿದವರು ಪದೇ ಪದೇ ಪರದೆ ಮುಟ್ಟಲಾರರು.

ಪ್ರಶ್ನೆ: ಅಕ್ಷರ ಸಣ್ಣದಾಯಿತು ಎಂದು ಪತ್ರಿಕೆ ಬಿಟ್ಟಿದ್ದಾರೆ. 10 ಇಂಚಿನ ಟ್ಯಾಬ್ಲೆಟ್ ಕೊಡಿಸಿದರೆ ಓದಬಹುದೇ?

ಉತ್ತರ: ಚಂದಾ ಯಾವ ಬಗೆಯದು ಎಂಬುದರ ಮೇಲಿದೆ. ಡಿಜಿಟಲ್ ಪತ್ರಿಕೆ ಎರಡು ರೀತಿ ಬರುತ್ತದೆ. ಅಚ್ಚಾದ ಪುಟವನ್ನೇ ಹಾಗೆ ಪರದೆಗೆ ತಂದಿರುವ ಪಿಡಿಎಫ್ ಒಂದು. ಎ4 ಅಳತೆಯ ಪುಟ 10 ಇಂಚಿನ ಪರದೆಯಲ್ಲಿ ಸುಮಾರು 70 ಪ್ರತಿಶತಕ್ಕೆ ಕುಗ್ಗುತ್ತದೆ. 9 ಪಾಯಿಂಟಿನ ಅಕ್ಷರ 6 ಪಾಯಿಂಟ್ ಆಯಿತು, ಅಂದರೆ ಕಾಗದಕ್ಕಿಂತ ಕಡೆ. ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗಿ, ಪ್ರತಿ ಸಾಲಿಗೂ ಎಡಬಲ ಎಳೆಯಬೇಕು. ಇನ್ನೊಂದು, ಅಕ್ಷರ ಹಿಗ್ಗಿಸಿದರೆ ಸಾಲುಗಳು ಪರದೆಗೆ ತಕ್ಕಂತೆ ಹೊಂದಿಕೊಳ್ಳುವ ಬಗೆ. ನಿಮಗೆ ಬೇಕಿರುವುದು ಇದು. ಮಾದರಿ ಸಂಚಿಕೆ ತೆರೆದು ಖಚಿತಪಡಿಸಿಕೊಂಡ ಮೇಲೆ ಹಣ ಕಟ್ಟಿ.

ದೊಡ್ಡಕ್ಷರದ ಮುದ್ರಿತ ಆವೃತ್ತಿ ಇದ್ದರೆ 16 ರಿಂದ 18 ಪಾಯಿಂಟ್ ಇದೆಯೇ ಎಂದು ಕೇಳಿ. ನುಣುಪು ಕಾಗದ ದೀಪದ ಬೆಳಕನ್ನು ಕಣ್ಣಿಗೇ ಹೊಡೆಯುತ್ತದೆ. ಮಂಕು ಕಾಗದದ ಪತ್ರಿಕೆ ಆರಿಸಿ, ದೀಪವನ್ನು ತಲೆಯ ಮೇಲಿನಿಂದ ತೆಗೆದು ಪಕ್ಕಕ್ಕಿಡಿ. ಇಷ್ಟಾದರೂ ನೇರ ಗೆರೆ ಡೊಂಕಾಗಿ ಕಂಡರೆ, ಅಥವಾ ಪದದ ನಡುವಿನ ಅಕ್ಷರಗಳೇ ಮಾಯವಾದರೆ ಪತ್ರಿಕೆಯ ಯೋಚನೆ ಬಿಟ್ಟು ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ: ತಾಯಿಗೆ ಮರೆವು ಶುರುವಾಗಿದೆ. ಧಾರಾವಾಹಿ ಓದುವುದು ಬಿಟ್ಟರು. ಮಕ್ಕಳ ಪತ್ರಿಕೆ ಕೊಡಬಹುದೇ?

ಉತ್ತರ: ಕೊಡಬೇಡಿ, ಅವರಿಗೆ ಅವಮಾನವೆನಿಸುತ್ತದೆ. ಹಿಂದಿನ ವಾರದ ಕಂತು ನೆನಪಿಲ್ಲದವರಿಗೆ ಧಾರಾವಾಹಿ ಹಿಂಸೆಯೇ. ದೊಡ್ಡ ಚಿತ್ರ, ಕೆಳಗೆ ಎರಡು ಸಾಲಿನ ವಿವರಣೆ, ಒಂದೇ ಪುಟದಲ್ಲಿ ಮುಗಿಯುವ ಬರಹ ಇರುವ ನಿಸರ್ಗ ಅಥವಾ ಪ್ರವಾಸದ ಪತ್ರಿಕೆ ಒಪ್ಪುತ್ತದೆ. ‘ಮುಂದಿನ ಭಾಗ 74ನೇ ಪುಟಕ್ಕೆ’ ಎಂದು ಹಾರಿಸುವ ಪತ್ರಿಕೆ ಬೇಡ. ಹೊಸ ಚಂದಾ ಕಟ್ಟಲೇಬೇಕೆಂದೇನೂ ಇಲ್ಲ. ಓದಿದ ಸಂಚಿಕೆಯನ್ನೇ ಮತ್ತೆ ಸಂತೋಷದಿಂದ ಓದುತ್ತಾರೆ.

ಪ್ರಶ್ನೆ: ಅಮ್ಮನ ಹುಟ್ಟುಹಬ್ಬಕ್ಕೆ ಚಂದಾ ಉಡುಗೊರೆ ಕೊಡಬೇಕೆಂದಿದ್ದೇನೆ. ಏನೇನು ಗಮನಿಸಬೇಕು?

ಉತ್ತರ: ಮುದ್ರಿತ ಮಾಸಪತ್ರಿಕೆಯ ಮೊದಲ ಸಂಚಿಕೆ ಬರಲು ಒಂದೆರಡು ತಿಂಗಳೇ ಹಿಡಿಯಬಹುದು. ಬೇಗ ಕಟ್ಟಿ, ಆ ದಿನಕ್ಕೆ ಒಂದು ಬಿಡಿ ಸಂಚಿಕೆ ಕೈಯಲ್ಲಿಡಿ. ಅರ್ಜಿಯಲ್ಲಿ ಪತ್ರಿಕೆ ಹೋಗಬೇಕಾದ ವಿಳಾಸ ತಾಯಿಯದ್ದು, ಬಿಲ್ ಮತ್ತು ನವೀಕರಣದ ಸೂಚನೆಗೆ ನಿಮ್ಮದು. ಎರಡೂ ಕಡೆ ಅವರ ಹೆಸರೇ ಇದ್ದರೆ ಮುಂದಿನ ವರ್ಷ ಉಡುಗೊರೆಯ ಬಿಲ್ ಅವರಿಗೇ ಹೋಗುತ್ತದೆ. ಚಂದಾ ಲೆಕ್ಕ ತಿಂಗಳಿನದೋ ಸಂಚಿಕೆಯದೋ ಕೇಳಿ ತಿಳಿಯಿರಿ, ಏಕೆಂದರೆ ಜಂಟಿ ಸಂಚಿಕೆಯನ್ನು ಕೆಲವರು ಎರಡೆಂದು ಎಣಿಸುತ್ತಾರೆ. ಮೊದಲ ವರ್ಷದ ರಿಯಾಯಿತಿ ದರಕ್ಕೆ ಸ್ವಯಂ ನವೀಕರಣ ಅಂಟಿಕೊಂಡಿದ್ದರೆ ಕಟ್ಟಿದ ದಿನವೇ ಅದನ್ನು ತೆಗೆದುಹಾಕಿ. ಚಂದಾ ಎಂದು ಮುಗಿಯುತ್ತದೆ ಎಂಬುದನ್ನು ಹಲವು ಪತ್ರಿಕೆಗಳು ವಿಳಾಸದ ಚೀಟಿಯಲ್ಲೇ ಅಚ್ಚು ಹಾಕುತ್ತವೆ. ಒಂದು ಚೀಟಿ ಕಿತ್ತಿಟ್ಟುಕೊಂಡರೆ ಚಂದಾ ಸಂಖ್ಯೆಯೂ ಸಿಕ್ಕಂತೆ. ಸಂಚಿಕೆ ತಪ್ಪಿದರೆ ಮುಂದಿನದು ಬರುವುದರೊಳಗೆ ಆ ಸಂಖ್ಯೆ ಕೊಟ್ಟು ದೂರು ಕೊಡಿ, ತಡವಾದರೆ ಪ್ರತಿ ಉಳಿದಿರುವುದಿಲ್ಲ.

ಇನ್ನೊಂದು ಎಚ್ಚರ. ‘ನಿಮ್ಮ ಚಂದಾ ಮುಗಿಯುತ್ತಿದೆ’ ಎಂದು ಬರುವ ಕಾಗದಗಳೆಲ್ಲ ಪ್ರಕಾಶಕರದ್ದಲ್ಲ. ಸಂಬಂಧವಿಲ್ಲದ ಮಧ್ಯವರ್ತಿಗಳೂ ಹೆಚ್ಚಿನ ದರ ಹಾಕಿ ಕಳಿಸುತ್ತಾರೆ, ವಯಸ್ಸಾದವರು ನಂಬಿ ಕಟ್ಟಿಬಿಡುತ್ತಾರೆ. ಪತ್ರಿಕೆಯೊಳಗೆ ಸಂಪಾದಕರ ಹೆಸರಿರುವ ಪುಟದಲ್ಲಿ ಅಚ್ಚಾದ ದೂರವಾಣಿಗೆ ಕರೆ ಮಾಡಿ ವಿಚಾರಿಸಿ. ಆ ಕಾಗದದ ಮೇಲಿರುವ ಸಂಖ್ಯೆಗೆ ಬೇಡ.