555 ಗುಂಡಿನ ಡಬ್ಬಿ ಅಗ್ಗವೋ, 50ರ ಡಬ್ಬಿ ಅಗ್ಗವೋ?

ಪ್ರಶ್ನೆ: ನಾನು ಮಡಿಕೇರಿ ಕಡೆಯವನು. ಹ್ಯೂಸ್ಟನ್‌ಗೆ ಬಂದು ಹದಿನಾರು ವರ್ಷ ಆಯಿತು, ಈಗ ಗ್ರೀನ್ ಕಾರ್ಡ್ ಇದೆ. ಊರಲ್ಲಿ ಕೈಲ್ ಪೊಳ್ದ್ (ಕೊಡವರ ಆಯುಧ ಹಬ್ಬ) ದಿನ ತೆಂಗಿನಕಾಯಿಗೆ ಗುಂಡು ಹೊಡೆದು ಅಭ್ಯಾಸ. ಇಲ್ಲೂ ಸಣ್ಣ ಗುಂಡಿನ ಒಂದು .22 ಕೋವಿ ತಗೊಳ್ಳೋಣ ಅಂತಿದ್ದೇನೆ. ವಾಲ್‌ಮಾರ್ಟ್, ಅಕಾಡೆಮಿ, ಕ್ಯಾಬೆಲಾಸ್, ಆನ್‌ಲೈನ್ ಅಂತ ಎಲ್ಲ ಕಡೆ ಬೆಲೆ ನೋಡಿ ನೋಡಿ ತಲೆ ಕೆಟ್ಟಿದೆ. ಕೋವಿ ಎಲ್ಲಿ, ಗುಂಡು ಎಲ್ಲಿ ತಗೊಂಡರೆ ಕಮ್ಮಿಗೆ ಬೀಳುತ್ತದೆ?
– ಪಿ.ಎಂ., ಹ್ಯೂಸ್ಟನ್

ಉತ್ತರ: ಗುಂಡಿನಿಂದ ಶುರು ಮಾಡೋಣ. ಕೋವಿ ಒಂದೇ ಸಲ ಕೊಳ್ಳುತ್ತೀರಿ, ಗುಂಡು ಜೀವನಪೂರ್ತಿ.

ಡಬ್ಬಿ ಮೇಲಿನ ಬೆಲೆಯನ್ನು ಮೊದಲು ಮರೆತುಬಿಡಿ. ಒಂದು ಗುಂಡಿಗೆ ಎಷ್ಟು ಸೆಂಟ್ ಬಿತ್ತು, ಅಷ್ಟೇ ಲೆಕ್ಕ. .22 ಗುಂಡುಗಳನ್ನು 50, 100, 325, 333, 500, 525, 555 ಅಂತ ಬಾಯಿಗೆ ಬಂದ ಸಂಖ್ಯೆಯಲ್ಲಿ ತುಂಬಿ ಮಾರುತ್ತಾರೆ. ಪಕ್ಕಪಕ್ಕ ಇಟ್ಟು ನೋಡಿದರೂ ಯಾವುದು ಅಗ್ಗ ಅಂತ ಗೊತ್ತಾಗಬಾರದು ಅಂತಲೇ ಹೀಗೆ ಮಾಡುತ್ತಾರೇನೋ ಎಂದು ನನಗೆ ಅನುಮಾನ. ಮೊಬೈಲ್ ತೆಗೆದು ಭಾಗಿಸಿ, ಮುಗಿಯಿತು.

ಉದಾಹರಣೆಗೆ, ಅಂಗಡಿಯಲ್ಲಿ 555ರ ಡಬ್ಬಿ 36 ಡಾಲರ್ ಇದೆ ಅಂದುಕೊಳ್ಳಿ. ಗುಂಡಿಗೆ ಸುಮಾರು ಆರೂವರೆ ಸೆಂಟ್. ಪಕ್ಕದಲ್ಲೇ 50ರ ಪುಟ್ಟ ಡಬ್ಬಿ ನಾಲ್ಕೂವರೆ ಡಾಲರ್. ನೋಡಲು ಅಗ್ಗ, ಆದರೆ ಗುಂಡಿಗೆ 9 ಸೆಂಟ್. ಆನ್‌ಲೈನ್‌ನಲ್ಲಿ 500ರ ಪ್ಯಾಕ್ 28 ಡಾಲರ್‌ಗೆ ಸಿಕ್ಕಿತು, 5.6 ಸೆಂಟ್. ಆಹಾ ಅಂದುಕೊಂಡು ಬಿಲ್ಲಿನ ಪುಟಕ್ಕೆ ಹೋದರೆ ಸಾಗಣೆಗೆ 14 ಡಾಲರ್ ಸೇರಿಸಿರುತ್ತಾರೆ. ಈಗ 8.4 ಸೆಂಟ್ ಆಯಿತು ನೋಡಿ! 500 ಗುಂಡು ಒಂದೂವರೆ ಕೆಜಿಗೂ ಜಾಸ್ತಿ ತೂಗುತ್ತದೆ. ಅಮೆರಿಕದ ಸರ್ಕಾರಿ ಅಂಚೆ ಗುಂಡುಗಳನ್ನು ಮುಟ್ಟುವುದೇ ಇಲ್ಲ, ಖಾಸಗಿ ಕೊರಿಯರ್‌ನಲ್ಲೇ ಬರಬೇಕು. ಅದೇ 5,000ದ ಪೆಟ್ಟಿಗೆ 280 ಡಾಲರ್, ಸಾಗಣೆ 25 ಅಂದರೆ 6.1 ಸೆಂಟ್‌ಗೆ ಇಳಿಯುತ್ತದೆ. ಆದರೆ ವಾರಕ್ಕೆ ನೂರು ಹೊಡೆದರೂ ಅದು ಖಾಲಿಯಾಗಲು ಸುಮಾರು ಒಂದು ವರ್ಷ ಬೇಕು. ಹಾಗಾಗಿ ಸ್ವಲ್ಪ ಬೇಕಾದರೆ ಅಂಗಡಿ, ಪೆಟ್ಟಿಗೆಗಟ್ಟಲೆ ಬೇಕಾದರೆ ಆನ್‌ಲೈನ್.

ಅಂಗಡಿಗಳನ್ನು ಹೋಲಿಸುವಾಗ ಇನ್ನೊಂದು ವಿಷಯ. ಕ್ಯಾಬೆಲಾಸ್ ಅನ್ನು ಬಾಸ್ ಪ್ರೊ ಎಂಬ ಇನ್ನೊಂದು ಅಂಗಡಿ ಸರಣಿ 2017ರಲ್ಲಿ ಕೊಂಡುಕೊಂಡಿತು. ಇವೆರಡರ ಮಧ್ಯೆ ಬೆಲೆ ನೋಡುತ್ತಾ ಪೆಟ್ರೋಲ್ ಸುಡಬೇಡಿ, ಎರಡೂ ಒಂದೇ ಮನೆ. ಗುಂಡಿನ ಬ್ರ್ಯಾಂಡ್‌ಗಳದ್ದೂ ಅದೇ ಕತೆ. ಸಿಸಿಐ, ಫೆಡರಲ್, ರೆಮಿಂಗ್ಟನ್ ಬೇರೆ ಬೇರೆ ಡಬ್ಬಿಯಲ್ಲಿ ಕೂತಿದ್ದರೂ ಒಡೆಯ ಒಬ್ಬನೇ. 2024ರ ಕೊನೆಗೆ ಈ ಗುಂಡಿನ ವ್ಯಾಪಾರ ಪೂರ್ತಿ ಒಂದು ಜೆಕ್ ಕಂಪನಿಯ ಕೈಸೇರಿತು. ನಿಜವಾದ ಹೋಲಿಕೆ ಬೇಕಾದರೆ ಇವುಗಳ ಪಕ್ಕ ವಿಂಚೆಸ್ಟರ್ ಮತ್ತು ಮೆಕ್ಸಿಕೋದ ಅಗಿಲಾ ಇಟ್ಟು ನೋಡಿ.

.22ರಲ್ಲಿ ಬೆಲೆಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಇದು ರಿಮ್‌ಫೈರ್. ಕಿಡಿ ಹೊತ್ತಿಸುವ ಮದ್ದು ತೋಟಾದ ಬುಡದ ಅಂಚಿನ ಸುತ್ತ ಇರುತ್ತದೆ. ಕೋವಿಯ ಸೂಜಿ ಆ ಅಂಚನ್ನೇ ಜಜ್ಜಿ ಬೆಂಕಿ ಹೊತ್ತಿಸುತ್ತದೆ. ಜಜ್ಜಿದ ಅಂಚು ಮತ್ತೆ ನೆಟ್ಟಗಾಗುವುದಿಲ್ಲ. ದೊಡ್ಡ ಕೋವಿಯವರು ಖಾಲಿ ತೋಟಾ ಆಯ್ದು ತಂದು ಮನೆಯಲ್ಲೇ ಮದ್ದು ತುಂಬಿ ದುಡ್ಡು ಉಳಿಸುತ್ತಾರೆ. ನಮಗೆ ಆ ದಾರಿಯಿಲ್ಲ.

ಅಗ್ಗದ ಡಬ್ಬಿಗಳಲ್ಲಿ ಈ ಮದ್ದು ಅಂಚಿನ ಸುತ್ತ ಸಮನಾಗಿ ಹರಡದೆ ಕೆಲವು ಗುಂಡು ಠುಸ್ ಆಗುತ್ತವೆ. ಟಿಕ್ ಅಂತ ಸದ್ದು ಬಂದು ಗುಂಡು ಹಾರದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ತೆಗೆಯಿರಿ. ನನ್ನ ಸಲಹೆ ಕೇಳುವುದಾದರೆ, ಮೊದಲ ದಿನವೇ 555ರ ಡಬ್ಬಿ ತರಬೇಡಿ. ಮೂರು ನಾಲ್ಕು ಬಗೆಯ 50ರ ಡಬ್ಬಿ ತಂದು, 50 ಗಜದಲ್ಲಿ ಒಂದೊಂದರಿಂದಲೂ ಹತ್ತು ಹತ್ತು ಹೊಡೆದು, ಕಾಗದದ ಮೇಲೆ ತೂತುಗಳು ಎಲ್ಲಿ ಹತ್ತಿರ ಬಿದ್ದಿವೆ ನೋಡಿ. ಒಂದೇ ಕಂಪನಿಯ ಎರಡು ಕೋವಿಗಳೂ ಒಂದೇ ಗುಂಡನ್ನು ಮೆಚ್ಚುವುದಿಲ್ಲ. ಯಾವುದು ಒಗ್ಗಿತೋ ಅದರ ದೊಡ್ಡ ಪ್ಯಾಕ್ ತನ್ನಿ. ಸಿಸಿಐ ಮಿನಿ-ಮ್ಯಾಗ್ ಸ್ವಲ್ಪ ದುಬಾರಿ, ಆದರೆ ತಾನೇ ಲೋಡ್ ಆಗುವ ಕೋವಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ತೀರಾ ಅಪರೂಪ. ಅದಕ್ಕೆ ನಾಲ್ಕು ಸೆಂಟ್ ಜಾಸ್ತಿ ಕೊಟ್ಟರೂ ನನಗೆ ಬೇಜಾರಿಲ್ಲ.

ಹೆದರಿಕೆಯಿಂದ ಕೂಡಿಡಲೂ ಹೋಗಬೇಡಿ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಘೋರ ಗುಂಡಿನ ದಾಳಿ ನಡೆದ ಮೇಲೆ ಹೊಸ ಕಾನೂನು ಬರಬಹುದೆಂದು ಜನ ಸಿಕ್ಕಿದ್ದನ್ನೆಲ್ಲ ಬಾಚಿದರು. 2013ರಲ್ಲಿ .22 ಗುಂಡಿನ ಕಪಾಟುಗಳು ತಿಂಗಳುಗಟ್ಟಲೆ ಖಾಲಿ. ವಾಲ್‌ಮಾರ್ಟ್ ಒಬ್ಬರಿಗೆ ದಿನಕ್ಕೆ ಮೂರೇ ಡಬ್ಬಿ ಎಂದು ಮಿತಿ ಹಾಕಿತ್ತು. ಆಗ ದುಪ್ಪಟ್ಟು ಕೊಟ್ಟು ಕೊಂಡವರು ಆಮೇಲೆ ಕೈ ಹಿಸುಕಿಕೊಂಡರು.

ಇನ್ನು ಕೋವಿ. ಹೊಸಬರು ಹೆಚ್ಚಾಗಿ ನೋಡುವುದು ರೂಗರ್ 10/22, 1964ರಿಂದ ಬರುತ್ತಿರುವ ಮಾಡೆಲ್. ಇದರಲ್ಲೇ ಮರದ ಹಿಡಿ, ಪ್ಲಾಸ್ಟಿಕ್ ಹಿಡಿ, ಉದ್ದ ನಳಿಕೆ, ಗಿಡ್ಡ ನಳಿಕೆ ಅಂತ ಹತ್ತಾರು ಬಗೆ. ಕೆಲವನ್ನು ಒಂದೊಂದು ದೊಡ್ಡ ಅಂಗಡಿಗೆಂದೇ ಮಾಡಿಸುತ್ತಾರೆ. ಆದ್ದರಿಂದ ಹೆಸರು ನೋಡಿ ಬೆಲೆ ಹೋಲಿಸಬೇಡಿ, ಮಾಡೆಲ್ ನಂಬರ್ ನೋಡಿ. ಆನ್‌ಲೈನ್‌ನಲ್ಲಿ 30 ಡಾಲರ್ ಕಮ್ಮಿ ಕಂಡರೂ ಕೋವಿ ನೇರ ಮನೆಗೆ ಬರುವುದಿಲ್ಲ, ಲೈಸೆನ್ಸ್ ಇರುವ ಡೀಲರ್ ಅಂಗಡಿಗೆ ಬರುತ್ತದೆ. ಅವರು ವರ್ಗಾವಣೆ ಶುಲ್ಕ ಅಂತ ಆ 30 ಡಾಲರನ್ನು ಹಾಗೇ ನುಂಗಿದರೂ ಆಶ್ಚರ್ಯವಿಲ್ಲ. ಒಂದೇ ಕೋವಿಗಾದರೆ ನಾನು ಅಂಗಡಿಗೇ ಹೋಗುತ್ತೇನೆ. ಹೆಗಲಿಗಿಟ್ಟು ನೋಡಬಹುದು, ಅಲ್ವಾ?

ಹೋಗುವಾಗ ಗ್ರೀನ್ ಕಾರ್ಡ್ ಮತ್ತು ಡ್ರೈವಿಂಗ್ ಲೈಸೆನ್ಸ್ ಎರಡೂ ಇರಲಿ. ಕೋವಿ ಕೊಳ್ಳುವವರು 4473 ಎಂಬ ಫಾರ್ಮ್ ತುಂಬಬೇಕು, ಅದರಲ್ಲಿ ಗ್ರೀನ್ ಕಾರ್ಡ್ ಮೇಲಿರುವ ನಿಮ್ಮ ಏಲಿಯನ್ ನಂಬರ್ ಕೇಳುತ್ತಾರೆ. ಮನೆ ಬದಲಿಸಿ ಲೈಸೆನ್ಸ್‌ನಲ್ಲಿ ಹಳೇ ವಿಳಾಸವೇ ಇದ್ದರೆ ಕೌಂಟರ್‌ನಿಂದಲೇ ವಾಪಸ್ ಕಳಿಸಬಹುದು. ಆಫರ್‌ನ ಕೊನೇ ದಿನ ಹೀಗಾದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ನಾನು ಒಹಾಯೋದಲ್ಲಿ ಎಫ್-1 ವೀಸಾದಲ್ಲಿ ಓದುತ್ತಿದ್ದೇನೆ. ಬ್ಲ್ಯಾಕ್ ಫ್ರೈಡೇ ರಿಯಾಯಿತಿಯಲ್ಲಿ .22 ಕೋವಿ ತುಂಬಾ ಅಗ್ಗ. ಅಮೆರಿಕನ್ ರೂಮ್‌ಮೇಟ್ ಹೆಸರಲ್ಲಿ ತಗೊಂಡು ದುಡ್ಡು ನಾನು ಕೊಡಬಹುದಾ?
– ಆರ್., ಕೊಲಂಬಸ್

ಉತ್ತರ: ಬೇಡವೇ ಬೇಡ. ಎಫ್-1, ಎಚ್-1ಬಿ ಎರಡೂ ವಲಸೆಯೇತರ ವೀಸಾ. ಇವುಗಳಲ್ಲಿ ಇರುವವರು ಕೋವಿಯಷ್ಟೇ ಅಲ್ಲ, ಒಂದು ಗುಂಡು ಇಟ್ಟುಕೊಂಡರೂ ಫೆಡರಲ್ ಕಾನೂನಿನಡಿ ಅಪರಾಧ. ರಾಜ್ಯದ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೊರಡಬೇಡಿ. ಗುಂಡು ಹೊಡೆಯುವ ರೇಂಜ್‌ನಲ್ಲಿ ಕೋವಿ ಬಾಡಿಗೆಗೆ ಹಿಡಿಯುವುದಕ್ಕೂ ಇದೇ ಮಾತು. ಇನ್ನು, ನಿಮಗಾಗಿ ರೂಮ್‌ಮೇಟ್ ತನ್ನ ಹೆಸರಲ್ಲಿ ಕೊಂಡರೆ ಅವನೂ ಸಿಕ್ಕಿಬೀಳುತ್ತಾನೆ. ಐವತ್ತು ಡಾಲರ್ ಉಳಿಸಲು ಹೋಗಿ ವೀಸಾ ಕಳೆದುಕೊಳ್ಳಬೇಕಾ?

ನಿಮಗೂ, ಮೇಲಿನ ಹ್ಯೂಸ್ಟನ್ ಓದುಗರಿಗೂ ಇನ್ನೊಂದು ಮಾತು. ರೇಂಜ್‌ಗೆ ಒಯ್ದ ಬ್ಯಾಗನ್ನೇ ಊರಿಗೆ ಹೊರಡುವಾಗ ಹಿಡಿಯಬೇಡಿ. .22 ಗುಂಡು ಕಿರುಬೆರಳಿಗಿಂತ ಸಣ್ಣದು, ಹೊಲಿಗೆ ಸಂದಿಯಲ್ಲಿ ಕೂತರೆ ಕಾಣುವುದಿಲ್ಲ. ಬೆಂಗಳೂರಿನ ಸ್ಕ್ಯಾನರ್‌ಗೆ ಕಾಣುತ್ತದೆ, ಒಂದೇ ಗುಂಡು ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು. ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೊಸ ಬ್ಯಾಗ್ ತಗೊಳ್ಳಿ, ಅದು ವಾಲ್‌ಮಾರ್ಟ್‌ನಲ್ಲಿ ಅಗ್ಗಕ್ಕೇ ಸಿಗುತ್ತದೆ.